ಬದಿಯಡ್ಕದಿಂದ ಮಡಿಕೇರಿಗೆ, ಪುಲ್ಲಿಂಗ್ ಹುಡುಕುತ್ತ

ಹಳೆಯ ಕಾಮನ್ ರೈಲ್ (ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಹೈ ಪ್ರೆಶರ್ ಡೀಸೆಲ್ ಕೊಡುವ) ಡೀಸೆಲ್ ಪಿಕಪ್ಪನ್ನು "ಪುಲ್ಲಿಂಗ್ ಇಲ್ಲ", ಅಂದರೆ ಎಳೆಯುವ ಶಕ್ತಿ ಇಲ್ಲ ಅಂತ ಗ್ಯಾರೇಜಿಗೆ ಒಯ್ದರೆ ಹೆಚ್ಚಿನ ಕಡೆ ಸಿಗುವ ಉತ್ತರ ಒಂದೇ: "ಟರ್ಬೋ ಹೋಗಿದೆ ಅಣ್ಣ." ಟರ್ಬೋ ಅಂದರೆ ಹೊರಹೋಗುವ ಹೊಗೆಯಿಂದ ತಿರುಗಿ ಎಂಜಿನ್ನಿಗೆ ಗಾಳಿ ತಳ್ಳುವ ಯಂತ್ರ. ಅದನ್ನು ಬದಲಾಯಿಸಿದರೆ ಬಿಲ್ಲು ಐದಂಕಿ ಮುಟ್ಟುತ್ತದೆ, ರೋಗ ಹಾಗೇ ಉಳಿಯುವುದೂ ಉಂಟು. ಎಂಜಿನ್ ಒಳಗೆ ಸವೆದದ್ದು ಬೇರೆ, ಅದಕ್ಕೆ ಬೇಕಾದ ಗಾಳಿ, ಡೀಸೆಲ್, ವ್ಯಾಕ್ಯೂಮ್ (ಗಾಳಿ ಹೀರುವ ಎಳೆತ) ಸರಿಯಾಗಿ ತಲುಪದಿರುವುದು ಬೇರೆ. ಎರಡನೆಯದನ್ನು ಮೊದಲು ನೋಡಬೇಕು, ಅದೂ ಅಗ್ಗದ ಸಾಮಾನಿನಿಂದ ಶುರು ಮಾಡಿ. ರಿಪೇರಿ ಸರಿಯಾಯಿತೋ ಇಲ್ಲವೋ ಎಂಬ ತೀರ್ಮಾನ ಗ್ಯಾರೇಜಿನ ಅಂಗಳದಲ್ಲಿ ಆಗುವುದಿಲ್ಲ, ಲೋಡು ಹಾಕಿ ಘಟ್ಟ ಹತ್ತಿಸಿದಾಗ ಆಗುತ್ತದೆ.

ಇಲ್ಲಿಯ (ಕಾಸರಗೋಡು ಜಿಲ್ಲೆಯ ಬದಿಯಡ್ಕದ) ಗಾಡಿ 2010ರ ಟಾಟಾ ಝೆನಾನ್ ಎಕ್ಸ್‌ಟಿ, ಡಬಲ್ ಕ್ಯಾಬ್, ಫೋರ್ ವೀಲ್ ಡ್ರೈವ್. 2,179 ಸಿಸಿ ಡೈಕಾರ್ ಎಂಜಿನ್, 4,000 ಆರ್‌ಪಿಎಂನಲ್ಲಿ 140 ಅಶ್ವಶಕ್ತಿ, 1,700ರಿಂದ 2,700ರವರೆಗೆ 320 ನ್ಯೂಟನ್ ಮೀಟರ್ ಟಾರ್ಕ್. ಆ ಕಾಲದ ಪಿಕಪ್ಪುಗಳ ನಡುವೆ ಇದು ದೊಡ್ಡ ಶಕ್ತಿಯೇ. ಈಗ ಓಡೋಮೀಟರ್ ಎರಡು ಲಕ್ಷ ದಾಟಿದೆ. ದೂರು ಇಷ್ಟು: 2,000 ಆರ್‌ಪಿಎಂವರೆಗೆ ಜೀವವೇ ಇಲ್ಲ, ಏರಿನಲ್ಲಿ ಕಪ್ಪು ಹೊಗೆ, ಕೆಲವೊಮ್ಮೆ ಎಂಜಿನ್ ಲೈಟು ಹೊತ್ತಿಕೊಂಡು 3,000ದ ಮೇಲೆ ಮುಳ್ಳು ಏಳುವುದೇ ಇಲ್ಲ. ಕಡೆಯದು ಲಿಂಪ್ ಮೋಡ್. ಏನೋ ತಾಳೆಯಾಗುತ್ತಿಲ್ಲ ಎಂದು ಕಂಡರೆ ಎಂಜಿನ್ ನಡೆಸುವ ಕಂಪ್ಯೂಟರ್ ಇಸಿಯು ತಾನಾಗಿ ಶಕ್ತಿ ಕಡಿಮೆ ಮಾಡುತ್ತದೆ. ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುತ್ತದೆ, ಮುಂದಿನ ಏರಿನಲ್ಲಿ ಪುನಃ ಅದೇ ಕಥೆ.

ಶುಕ್ರವಾರ: ಬದಿಯಡ್ಕ

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಕೆಲಸಕ್ಕೆ ಕೈಹಾಕುವುದು ಒಳ್ಳೆಯದು. ಮೊದಲು ಬ್ಯಾಟರಿ. ಸುಮ್ಮನಿದ್ದಾಗ 12.6 ವೋಲ್ಟ್, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು, ಎಂಜಿನ್ ಓಡುವಾಗ 13.8ರಿಂದ 14.4. ಅರ್ತ್ ವಯರು ಚಾಸಿಗೆ ಕೂರುವಲ್ಲಿ ಹಸಿರು ಹಿಡಿದಿದ್ದರೆ ಉಜ್ಜಿ ತೆಗೆಯಬೇಕು. ಸೆನ್ಸರುಗಳು ಸುಳ್ಳು ಹೇಳಲು ಇದೊಂದೇ ಸಾಕು.

ಡೀಸೆಲ್ ಫಿಲ್ಟರ್ ಬಿಚ್ಚಿದ ಮೇಲೆ ಎಸೆಯುವ ಮೊದಲು ಅದರೊಳಗಿನ ಡೀಸೆಲನ್ನು ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಇಡಿ. ನೀರಿದ್ದರೆ ಅಡಿಗೆ ಇಳಿದು ಗೆರೆ ಎಳೆದ ಹಾಗೆ ಕಾಣುತ್ತದೆ. ಕಪ್ಪು ಲೋಳೆ ಬಂದರೆ ಟ್ಯಾಂಕಿನಲ್ಲಿ ನೀರು ನಿಂತು ಸೂಕ್ಷ್ಮಜೀವಿ ಬೆಳೆದಿದೆ ಎಂದರ್ಥ. ಆಗ ಫಿಲ್ಟರ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ, ಟ್ಯಾಂಕೇ ಇಳಿಸಬೇಕು. ನಮ್ಮ ಕಡೆಯ ಮಳೆಗಾಲದಲ್ಲಿ ಅರ್ಧ ಟ್ಯಾಂಕಿನಲ್ಲಿ ವಾರಗಟ್ಟಲೆ ನಿಲ್ಲಿಸಿದ ಗಾಡಿಗೆ ಇದು ಮಾಮೂಲು. ಈ ಗಾಡಿಯಲ್ಲಿ ಬಂದದ್ದು ಒಂದೆರಡು ಚಮಚ ನೀರು, ಲೋಳೆ ಇರಲಿಲ್ಲ. ಹೊಸ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ಸುರಿಯುವ ಅಭ್ಯಾಸ ಹಲವರಿಗಿದೆ. ಮಧ್ಯದ ತೂತಿಗೆ ಸುರಿದರೆ ಅದು ಸೋಸದೆ ನೇರ ಹೈ ಪ್ರೆಶರ್ ಪಂಪಿಗೆ ಹೋಗುತ್ತದೆ, ಒಂದು ಕಣ ಹೊಯ್ಗೆ ಸಾಕು ಪಂಪ್ ಕೆಡಲು. ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ ಗಾಳಿ ತೆಗೆಯುವುದೇ ಸರಿ. ಗಾಳಿ ಇರುವಾಗ ಸೆಲ್ಫ್ ಎಳೆದೆಳೆದು ಹೊಡೆಯಲೂಬಾರದು. ಆ ಪಂಪಿಗೆ ಡೀಸೆಲೇ ಎಣ್ಣೆ, ಒಣಗಿ ತಿರುಗಿದರೆ ಲೋಹದ ಪುಡಿ ಇಂಜೆಕ್ಟರ್‌ವರೆಗೆ ಹೋಗುತ್ತದೆ.

ಇನ್ನು ವ್ಯಾಕ್ಯೂಮ್. ಪುಲ್ಲಿಂಗ್ ಹೆಚ್ಚಾಗಿ ಕಳೆದುಹೋಗುವುದು ಇಲ್ಲಿ. ಈ ಎಂಜಿನ್ನಿನ ಟರ್ಬೋ ವೇರಿಯಬಲ್ ಜಾತಿಯದು. ಟರ್ಬೈನ್ ಸುತ್ತ ಸಣ್ಣ ರೆಕ್ಕೆಗಳಿವೆ. ಕಡಿಮೆ ಆರ್‌ಪಿಎಂನಲ್ಲಿ ಅವು ಮುಚ್ಚಿಕೊಂಡು ಹೊಗೆಗೆ ದಾರಿ ಕಿರಿದು ಮಾಡುತ್ತವೆ, ಟರ್ಬೋ ಬೇಗ ತಿರುಗುತ್ತದೆ. ವೇಗ ಹೆಚ್ಚಿದಂತೆ ತೆರೆಯುತ್ತವೆ. ಅವನ್ನು ಎಳೆಯುವುದು ಒಂದು ಡಯಾಫ್ರಮ್ ಡಬ್ಬಿ, ಡಬ್ಬಿಗೆ ವ್ಯಾಕ್ಯೂಮ್ ಕೊಡುವುದು ಬೆರಳಿಗಿಂತ ಸಪುರದ ರಬ್ಬರ್ ಹೋಸು. ಎಂಜಿನ್ ಬಿಸಿಗೆ ಹದಿನೈದು ವರ್ಷ ಬೆಂದ ಹೋಸು ಗಟ್ಟಿಯಾಗಿ ತುದಿಯಲ್ಲಿ ಸೀಳುತ್ತದೆ. ವ್ಯಾಕ್ಯೂಮ್ ಸೋರಿದರೆ ರೆಕ್ಕೆಗಳು ಪೂರ್ತಿ ಮುಚ್ಚುವುದಿಲ್ಲ, 2,000ದ ಕೆಳಗೆ ಟರ್ಬೋ ಇದ್ದೂ ಇಲ್ಲದ ಹಾಗೆ. ಗಾಳಿ ಕಡಿಮೆ, ಡೀಸೆಲ್ ಮಾತ್ರ ಹೋಗುತ್ತಿದೆ, ಆದ್ದರಿಂದ ಕಪ್ಪು ಹೊಗೆ.

ನೋಡುವ ವಿಧಾನ ಸುಲಭ. ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಡಬ್ಬಿಯ ರಾಡು ಒಳಗೆ ಎಳೆದುಕೊಳ್ಳಬೇಕು, ಆಫ್ ಮಾಡಿದ ಮೇಲೆ ಬಿಡಬೇಕು. ಇಲ್ಲಿ ಅರ್ಧ ಎಳೆದು ನಿಂತಿತು. ಈಗ ಎರಡು ಸಾಧ್ಯತೆ: ವ್ಯಾಕ್ಯೂಮ್ ಕಡಿಮೆ, ಇಲ್ಲವೇ ರೆಕ್ಕೆ ಮಸಿಯಿಂದ ಜಾಮ್. ಹೋಸು ಕಿತ್ತು ಡಬ್ಬಿಗೆ ಕೈ ವ್ಯಾಕ್ಯೂಮ್ ಪಂಪ್ ಹಾಕಿ 500 ಮಿ.ಮೀ. ಪಾದರಸದಷ್ಟು ಎಳೆದಾಗ ರಾಡು ಸಲೀಸಾಗಿ ಕೊನೆವರೆಗೂ ಬಂತು, ಒಂದು ನಿಮಿಷ ಮುಳ್ಳು ಅಲ್ಲಾಡಲಿಲ್ಲ. ಅಲ್ಲಿಗೆ ಡಬ್ಬಿ ಸರಿ, ರೆಕ್ಕೆ ಸರಿ, "ಟರ್ಬೋ ಹೋಗಿದೆ" ಎಂಬ ಮಾತು ಸುಳ್ಳು. ಕೈಪಂಪ್ ಇಲ್ಲದವರು ದೊಡ್ಡ ಸಿರಿಂಜಿನಿಂದ ಎಳೆದು ನೋಡಿದರೂ ರಾಡು ಚಲಿಸುವುದು ತಿಳಿಯುತ್ತದೆ. ವ್ಯಾಕ್ಯೂಮ್ ಪಂಪಿನಿಂದ ಮಾಡ್ಯುಲೇಟರಿಗೆ (ವ್ಯಾಕ್ಯೂಮನ್ನು ಹೆಚ್ಚುಕಡಿಮೆ ಮಾಡುವ ವಾಲ್ವಿಗೆ), ಅಲ್ಲಿಂದ ಡಬ್ಬಿಗೆ, ಸ್ವಲ್ಪ ಹೊಗೆಯನ್ನು ಪುನಃ ಎಂಜಿನ್ನಿಗೆ ಬಿಡುವ ವಾಲ್ವಾದ ಇಜಿಆರ್‌ಗೆ ಹೋಗುವ ಹೋಸುಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದರೆ ಎರಡು ಕಡೆ ಸೀಳು ಸಿಕ್ಕಿತು. ತುದಿ ಕತ್ತರಿಸಿ ಪುನಃ ಸಿಕ್ಕಿಸುವ ಬದಲು ಎಲ್ಲವನ್ನೂ ಹೊಸ ಸಿಲಿಕಾನ್ ಹೋಸಿಗೆ ಬದಲಿಸುವುದು ಉತ್ತಮ, ಉದ್ದ ಎಲ್ಲ ಸೇರಿ ಮೂರು ಮೀಟರ್ ಸಾಕು. ಹಳೆಯದರ ಒಳ ಅಳತೆಯನ್ನೇ ತನ್ನಿ, ಗೋಡೆ ದಪ್ಪ ಇರಲಿ. ತೆಳು ಹೋಸು ವ್ಯಾಕ್ಯೂಮಿಗೆ ತಾನೇ ಚಪ್ಪಟೆಯಾಗಿ ದಾರಿ ಮುಚ್ಚುತ್ತದೆ.

ಇಜಿಆರ್ ವಾಲ್ವ್ ಬಿಚ್ಚಿದಾಗ ಮಸಿ ಮತ್ತು ಎಣ್ಣೆ ಸೇರಿ ಹಲ್ವದ ಹಾಗೆ ಗಟ್ಟಿಯಾಗಿತ್ತು. ಮರದ ಚಕ್ಕೆಯಿಂದ ಕೆರೆದು ಕಾರ್ಬ್ ಕ್ಲೀನರ್ ಹೊಡೆದರೆ ಬಿಡುತ್ತದೆ, ಗ್ಯಾಸ್ಕೆಟ್ ಹೊಸದೇ ಹಾಕಬೇಕು. ಏರ್ ಫಿಲ್ಟರ್ ಪಕ್ಕದ ಏರ್ ಫ್ಲೋ ಸೆನ್ಸರಿಗೆ ಮಾತ್ರ ಅದರದೇ ಕ್ಲೀನರ್. ಬೆರಳಾಗಲಿ ಬಟ್ಟೆಯಾಗಲಿ ತಾಗಿಸಬಾರದು, ತಾನಾಗಿ ಒಣಗಲು ಬಿಡಬೇಕು.

ಸಂಜೆ ಇಂಜೆಕ್ಟರ್ ರಿಟರ್ನ್ ಪರೀಕ್ಷೆ. ನಾಲ್ಕೂ ಇಂಜೆಕ್ಟರಿನ ರಿಟರ್ನ್ ಪೈಪು ಕಿತ್ತು ನಾಲ್ಕು ಪಾರದರ್ಶಕ ಪೈಪುಗಳನ್ನು ನಾಲ್ಕು ಒಂದೇ ತರದ ಬಾಟಲಿಗಳಿಗೆ ಬಿಟ್ಟು, ಐದು ನಿಮಿಷ ಐಡ್ಲಿಂಗ್‌ನಲ್ಲಿ ಓಡಿಸುವುದು. ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟ ಇರಬೇಕು. ಒಂದರಲ್ಲಿ ಎರಡು ಮೂರು ಪಟ್ಟು ಬಂದರೆ ಆ ಇಂಜೆಕ್ಟರ್ ಒಳಗೆ ಸವೆದು ಪ್ರೆಶರ್ ಸೋರಿಸುತ್ತಿದೆ. ಇಲ್ಲಿ ನಾಲ್ಕೂ ಸಮ. ಈ ಕೆಲಸದಲ್ಲಿ ಒಂದು ಎಚ್ಚರ: ಹಳೆಯ ಪಂಪಿನ ಗಾಡಿಗಳಲ್ಲಿ ಮಾಡುತ್ತಿದ್ದ ಹಾಗೆ ಎಂಜಿನ್ ಓಡುವಾಗ ಸ್ಟೀಲ್ ಪೈಪಿನ ನಟ್ಟು ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ಎಂದು ನೋಡುವುದು ಕಾಮನ್ ರೈಲಿನಲ್ಲಿ ಸಲ್ಲದು. ಐಡ್ಲಿಂಗ್‌ನಲ್ಲೇ 250 ಬಾರ್ ಮೇಲೆ, ಲೋಡಿನಲ್ಲಿ 1,000 ಬಾರ್ ದಾಟುತ್ತದೆ. ಆ ಚಿಮ್ಮು ಚರ್ಮ ಸೀಳಿ ಮೈಯೊಳಗೆ ಹೊಕ್ಕರೆ ಆಪರೇಷನ್ನೇ ಗತಿ.

ಶನಿವಾರ: ಕುಂಬಳೆ, ಕಾಸರಗೋಡು, ಬೇಕಲ

ಲೋಡಿಲ್ಲದೆ ಪರೀಕ್ಷೆ. ನೀರ್ಚಾಲು, ಸೀತಾಂಗೋಳಿ ದಾರಿಯಾಗಿ ಕುಂಬಳೆಗೆ ಇಳಿದರೆ ರಾಷ್ಟ್ರೀಯ ಹೆದ್ದಾರಿ 66. ಒಳರಸ್ತೆಯ ಸಣ್ಣ ಏರಿಳಿತಗಳಲ್ಲೇ ವ್ಯತ್ಯಾಸ ಗೊತ್ತಾಯಿತು: 1,700ಕ್ಕೆ ಬಂದ ಕೂಡಲೇ ಬೆನ್ನಿಗೆ ಸೀಟು ಒತ್ತುತ್ತದೆ. ಹೊಗೆ ಮಾತ್ರ ಪೂರ್ತಿ ಹೋಗಿರಲಿಲ್ಲ.

ಹೆದ್ದಾರಿಯಲ್ಲಿ ಖಾಲಿ ಜಾಗ ನೋಡಿ ಮೂರನೇ ಗೇರಿನಲ್ಲಿ 1,500ರಿಂದ 3,000ದವರೆಗೆ ಪೆಡಲ್ ಪೂರ್ತಿ ಒತ್ತುವುದು, ಪಕ್ಕದಲ್ಲಿ ಕೂತವರು ಫೋನಿನಲ್ಲಿ ಓಬಿಡಿ (ಗಾಡಿಯ ಕಂಪ್ಯೂಟರನ್ನು ಓದುವ ಡಬ್ಬಿ) ಅಂಕಿ ನೋಡುವುದು. ಅಗ್ಗದ ಓಬಿಡಿ ಡಬ್ಬಿಗಳಲ್ಲಿ ಈ ಕಾಲದ ಎಲ್ಲ ಗಾಡಿಗಳ ಎಲ್ಲ ಅಂಕಿ ಬರುವುದಿಲ್ಲ. ಮ್ಯಾನಿಫೋಲ್ಡ್ ಪ್ರೆಶರ್ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ) ಬಂದರೆ ಅದೊಂದೇ ಸಾಕು. ಅದು ತಡೆಯಿಲ್ಲದೆ ಏರಿ 200 ಕಿಲೋಪಾಸ್ಕಲ್ ದಾಟಬೇಕು. ಇಲ್ಲಿ 160ರ ಹತ್ತಿರ ಹೋಗಿ ಅಲ್ಲೇ ತೂಗಾಡಿತು, ಹಿಂದೆ ಹೊಗೆ. ವ್ಯಾಕ್ಯೂಮ್ ಸರಿಯಾಗಿದೆ, ಟರ್ಬೋ ಗಾಳಿ ತಳ್ಳುತ್ತಿದೆ, ಆ ಗಾಳಿ ಎಂಜಿನ್ನಿಗೆ ಮುಟ್ಟುವ ಮೊದಲೇ ಎಲ್ಲೋ ಹೊರಗೆ ಹೋಗುತ್ತಿದೆ.

ಕಾಸರಗೋಡಿನಲ್ಲಿ ನಿಲ್ಲಿಸಿ, ಟರ್ಬೋದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಪೈಪುಗಳಿಗೆ ಕೈ ಹಾಕಿದಾಗ ಕೆಳಗಿನ ಹೋಸಿನ ಅಡಿಭಾಗ ಎಣ್ಣೆಯಲ್ಲಿ ತೊಯ್ದಿತ್ತು. ಟರ್ಬೋ ದಾಟಿ ಬರುವ ಗಾಳಿಯಲ್ಲಿ ಸ್ವಲ್ಪ ಎಣ್ಣೆಯ ಮಂಜು ಇದ್ದೇ ಇರುತ್ತದೆ, ಸೋರುವ ಜಾಗವನ್ನು ಅದೇ ತೋರಿಸಿಕೊಡುತ್ತದೆ. ಮೇಲಿಂದ ನೋಡಿದರೆ ಹೋಸು ಚೆನ್ನಾಗಿಯೇ ಇದೆ, ಕೈಯಲ್ಲಿ ಹಿಚುಕಿದರೂ ಬಿರುಕು ಕಾಣುವುದಿಲ್ಲ. ಬಿಚ್ಚಿ ಒಳಗೆ ಟಾರ್ಚ್ ಹಾಕಿ ಹೊರಕ್ಕೆ ಮಡಚಿದಾಗ ಕ್ಲಿಪ್ಪಿನ ಅಂಚಿಗೆ ಸರಿಯಾಗಿ ಎರಡು ಇಂಚಿನ ಸೀಳು ಬಾಯ್ಬಿಟ್ಟಿತು. ಗಾಳಿಯ ಒತ್ತಡ ಬಂದಾಗ ಮಾತ್ರ ತೆರೆದು ಆಮೇಲೆ ಮುಚ್ಚಿಕೊಳ್ಳುವ ಸೀಳು. ಗ್ಯಾರೇಜಿನಲ್ಲಿ ನಿಂತ ಗಾಡಿಯಲ್ಲಿ ಇದು ಕೈಗೆ ಸಿಗುವುದಿಲ್ಲ, ಹಾಗಾಗಿಯೇ ಆಪಾದನೆ ಟರ್ಬೋದ ಮೇಲೆ ಹೋಗುತ್ತದೆ. ಗಾಳಿ ಯಂತ್ರ ಇರುವಲ್ಲಾದರೆ ಒಂದು ಬಾರ್‌ಗಿಂತ ಕಡಿಮೆ ಒತ್ತಡ ಕೊಟ್ಟು ಸಾಬೂನು ನೀರು ಹಚ್ಚಿ ನೋಡಬಹುದು. ಹೊಸ ಹೋಸು ಹಾಕುವಾಗ ಪೈಪಿನ ಬಾಯಿಯ ಎಣ್ಣೆಯನ್ನು ಪೂರ್ತಿ ಒರೆಸಬೇಕು, ಇಲ್ಲದಿದ್ದರೆ ಎಷ್ಟು ಬಿಗಿದರೂ ಜಾರಿ ಹೊರಬರುತ್ತದೆ. ಸ್ಕ್ರೂ ಕ್ಲಿಪ್ಪಿನ ಬದಲು ಬೋಲ್ಟು ಇರುವ ಅಗಲ ಕ್ಲಿಪ್ಪು ಹಾಕಿದರೆ ರಬ್ಬರ್ ಕತ್ತರಿಸುವುದೂ ಇಲ್ಲ.

ಚಂದ್ರಗಿರಿ ಸೇತುವೆ ದಾಟಿ ಬೇಕಲದವರೆಗೆ ಪುನಃ ಅದೇ ಪರೀಕ್ಷೆ. 210, ಹೊಗೆ ಇಲ್ಲ.

ಬೇಕಲದಲ್ಲಿ ಕೋಟೆ ನೋಡಲು ಬಂದವರು ಗಾಡಿ ನಿಲ್ಲಿಸುವ ಬಯಲಿನಲ್ಲಿ ಅಡಿಗೆ ಮಲಗಿ ಚಾಸಿ ನೋಡಿದ್ದು ವಿಚಿತ್ರವಾಗಿ ಕಂಡಿರಬೇಕು. ಆದರೆ ಕರಾವಳಿಯ ಹಳೆ ಪಿಕಪ್ಪನ್ನು ಕೊಳ್ಳುವವರು ಎಂಜಿನ್ನಿಗಿಂತ ಮೊದಲು ನೋಡಬೇಕಾದ್ದು ಇದನ್ನೇ. ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ಲೋಹ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ದಪ್ಪ್ ಎನ್ನುತ್ತದೆ. ಹಿಂದಿನ ಸ್ಪ್ರಿಂಗ್ ಪ್ಲೇಟಿನ ಶ್ಯಾಕಲ್ (ಪ್ಲೇಟನ್ನು ಚಾಸಿಗೆ ಜೋಡಿಸುವ ಕೊಂಡಿ) ಕೂರುವ ಜಾಗ, ಬ್ರೇಕ್ ಪೈಪು ಕ್ಲಿಪ್ಪಿನೊಳಗೆ ಮರೆಯಾಗುವ ಜಾಗ, ಇವೆರಡು ಮುಖ್ಯ. ಉಪ್ಪು ನೀರು ಕ್ಲಿಪ್ಪಿನೊಳಗೆ ನಿಂತು ಪೈಪನ್ನು ಅಲ್ಲೇ ತಿನ್ನುತ್ತದೆ, ಹೊರಗಿನ ಭಾಗ ಹೊಸದರಂತೆ ಹೊಳೆಯುತ್ತಿರುತ್ತದೆ.

ಭಾನುವಾರ: ಮುಳ್ಳೇರಿಯ, ಜಾಲ್ಸೂರು, ಸಂಪಾಜೆ, ಮಡಿಕೇರಿ

ಹಿಂದೆ ಹತ್ತು ಗೋಣಿ ಹಟ್ಟಿಗೊಬ್ಬರ, ಗೋಣಿಗೆ 50 ಕೆಜಿ. ಹೊಯ್ಗೆಯೋ ಕೆಂಪುಕಲ್ಲೋ ಹಾಕಿದರೆ ಗಡಿಯಲ್ಲಿ ಕಾಗದ ತೋರಿಸುತ್ತ ನಿಲ್ಲಬೇಕಾದೀತು, ಗೊಬ್ಬರಕ್ಕೆ ಯಾರೂ ಹತ್ತಿರ ಬರುವುದಿಲ್ಲ. ಭಾರದ ಗೋಣಿಗಳು ಹಿಂದಿನ ಆಕ್ಸಲಿಗಿಂತ ಮುಂದೆ, ಕ್ಯಾಬಿನಿಗೆ ಒರಗಿ ಇರಬೇಕು. ಬಾಲದ ಕಡೆ ಹಾಕಿದರೆ ಮುಂದಿನ ಚಕ್ರದ ಭಾರ ಕಡಿಮೆಯಾಗಿ ತಿರುವಿನಲ್ಲಿ ಸ್ಟೇರಿಂಗ್ ಹಗುರಾಗುತ್ತದೆ. ಟೈರಿನ ಗಾಳಿ ಬಾಗಿಲಿನ ಚೀಟಿಯಲ್ಲಿರುವ ಲೋಡಿನ ಲೆಕ್ಕದಂತೆ, ಬೆಳಿಗ್ಗೆ ಟೈರು ತಣ್ಣಗಿರುವಾಗ ತುಂಬಿದ್ದು.

ಮುಳ್ಳೇರಿಯ, ಆದೂರು ದಾಟಿ ಜಾಲ್ಸೂರಿನಲ್ಲಿ ಮಾಣಿ–ಮೈಸೂರು ರಸ್ತೆ ಸೇರುತ್ತದೆ, ಈಗಿನ ರಾಷ್ಟ್ರೀಯ ಹೆದ್ದಾರಿ 275. ಕರ್ನಾಟಕದಲ್ಲಿ ಡೀಸೆಲ್ ಕೇರಳಕ್ಕಿಂತ ಅಗ್ಗ. ಗಡಿಯ ಈಚಿನ ಕೇರಳದವರು ಟ್ಯಾಂಕ್ ತುಂಬಿಸಲು ಆಚೆ ಹೋಗುವುದು ಇಲ್ಲಿ ಹೊಸತೇನಲ್ಲ. ಸುಳ್ಯದಿಂದ ಸಂಪಾಜೆವರೆಗೆ ಪಯಸ್ವಿನಿಯ ಬದಿಯಲ್ಲೇ ಹಗುರಾದ ಏರು. ಬೇಕಲದ ದಾರಿಯಲ್ಲಿ ಸೇತುವೆ ಮೇಲೆ ದಾಟಿದ ಚಂದ್ರಗಿರಿ ಹೊಳೆಯೇ ಇದು.

ಸಂಪಾಜೆ ಕಳೆದ ಮೇಲೆ ನಿಜವಾದ ಘಟ್ಟ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜರಿದು ಈ ರಸ್ತೆ ಕಡಿದುಹೋಗಿತ್ತು. ಇಂಥಲ್ಲಿ ಗೇರಿನ ಲೆಕ್ಕ ಸರಳ: ಮುಳ್ಳನ್ನು 1,700 ಮತ್ತು 2,700ರ ನಡುವೆ ಇಟ್ಟುಕೊಳ್ಳಿ. ನಾಲ್ಕನೇ ಗೇರಿನಲ್ಲಿ 1,400ಕ್ಕೆ ಇಳಿದ ಮೇಲೆ ಪೆಡಲ್ ಒತ್ತಿ ಎಳೆಸುವುದು ಡ್ರೈವರನ ಸೋಮಾರಿತನ. ಆಗ ಗಾಳಿ ಸಾಲದೆ ಹೊಗೆ, ಬಿಸಿ, ಇಜಿಆರ್‌ನಲ್ಲಿ ಮಸಿ ಎಲ್ಲ ಒಟ್ಟಿಗೆ. ತಿರುವಿಗೆ ಮೊದಲೇ ಮೂರಕ್ಕೆ, ಹೇರ್‌ಪಿನ್ನಿನಲ್ಲಿ ಎರಡಕ್ಕೆ ಇಳಿಸಿದರೆ ಅರ್ಧ ಪೆಡಲಿನಲ್ಲೇ ಗಾಡಿ ಹೋಗುತ್ತದೆ. ಇವತ್ತು ಹೋದದ್ದೂ ಹಾಗೆಯೇ, ಲಿಂಪ್ ಮೋಡಿನ ಸುಳಿವಿಲ್ಲ.

ಆದರೆ ಘಟ್ಟದ ಅರ್ಧದಲ್ಲಿ ಟೆಂಪರೇಚರ್ ಮುಳ್ಳು ಮಧ್ಯ ದಾಟಿ ಏರತೊಡಗಿತು. ಏಸಿ ಆಫ್, ಹೀಟರ್ ಫುಲ್, ಗೇರ್ ಒಂದು ಇಳಿಸಿ ಪೆಡಲ್ ಕಡಿಮೆ. ಹೀಟರ್ ಎಂದರೆ ಸಣ್ಣದೊಂದು ರೇಡಿಯೇಟರೇ. ಬೆವರು ಕಿತ್ತುಕೊಂಡು ಬಂದರೂ ಮುಳ್ಳು ಇಳಿಯಿತು. ಅಗಲ ಜಾಗದಲ್ಲಿ ನಿಲ್ಲಿಸಿದ ಮೇಲೆ ಎಂಜಿನ್ ತಕ್ಷಣ ಆಫ್ ಮಾಡಬಾರದು. ಆಫ್ ಮಾಡಿದರೆ ನೀರು ಸುತ್ತುವುದೂ ನಿಲ್ಲುತ್ತದೆ, ಕಾದ ಟರ್ಬೋಗೆ ಎಣ್ಣೆಯೂ ನಿಲ್ಲುತ್ತದೆ. ಎರಡು ನಿಮಿಷ ಐಡ್ಲಿಂಗ್, ಆಮೇಲೆ ಆಫ್. ರೇಡಿಯೇಟರ್ ಮುಚ್ಚಳಕ್ಕೆ ಅರ್ಧ ಗಂಟೆ ಕೈ ಹಾಕಬಾರದು.

ನೀರು ಕಡಿಮೆಯಾಗಿರಲಿಲ್ಲ. ಫ್ಯಾನಿನ ವಿಸ್ಕಸ್ ಕ್ಲಚ್ಚನ್ನು ಕೈಯಲ್ಲಿ ತಿರುಗಿಸಿದಾಗ ಬಿಗಿ ಇತ್ತು. ಅದು ಗಿರ್ರನೆ ಸುತ್ತಿದರೆ ಸಿಲಿಕಾನ್ ಎಣ್ಣೆ ಸೋರಿಹೋಗಿದೆ ಎಂದು ಲೆಕ್ಕ. ಮುಂದಿನಿಂದ ನೋಡಿದರೆ ಏಸಿ ಕಂಡೆನ್ಸರ್ ಶುಭ್ರ. ಗ್ರಿಲ್ ತೆಗೆದು, ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಟ್ಟಾಗ ಕೆಂಪು ಧೂಳು, ಹುಲ್ಲುಬೀಜ, ಹುಳುಗಳ ರೆಕ್ಕೆ ಸೇರಿ ಕಂಬಳಿ ಹೊದೆಸಿದಂತಿತ್ತು. ಸರ್ವಿಸ್ ಸ್ಟೇಷನ್ನಿನಲ್ಲಿ ಮುಂದಿನಿಂದ ಜೋರು ನೀರು ಹೊಡೆದಷ್ಟೂ ಇದು ಒಳಕ್ಕೆ ಒತ್ತುತ್ತದೆ, ತೆಳು ಅಲ್ಯುಮಿನಿಯಂ ರೆಕ್ಕೆಗಳೂ ಮಡಚುತ್ತವೆ. ಎಂಜಿನ್ ಕಡೆಯಿಂದ ಹೊರಕ್ಕೆ, ಸಾಧಾರಣ ನಲ್ಲಿಯ ಒತ್ತಡದಲ್ಲಿ ನೀರು ಬಿಡಬೇಕು. ಮದೆನಾಡಿನ ಬಳಿ ನಲ್ಲಿ ಸಿಕ್ಕಿದ್ದರಿಂದ ಎಂಜಿನ್ ತಣಿದ ಮೇಲೆ ಅದನ್ನೇ ಮಾಡಿದ್ದು. ಕೆಸರು ನೀರು ನಿಲ್ಲಲು ಇಪ್ಪತ್ತು ನಿಮಿಷ ಬೇಕಾಯಿತು. ಆಮೇಲೆ ಮಡಿಕೇರಿವರೆಗೆ ಮುಳ್ಳು ಕದಲಲಿಲ್ಲ.

ರೇಡಿಯೇಟರಿಗೆ ಬಾವಿ ನೀರು ಹಾಕುವ ರೂಢಿ ಬಿಡುವುದು ಒಳ್ಳೆಯದು. ನಮ್ಮ ಕೆಂಪುಕಲ್ಲಿನ ನೆಲದ ನೀರಿನಲ್ಲಿ ಕಬ್ಬಿಣದಂಶವಿದೆ. ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲಂಟ್ ಅರ್ಧ. ಮುಚ್ಚಳದ ರಬ್ಬರೂ ಮುಖ್ಯ. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ 96ರ ಸುಮಾರಿಗೆ ಕುದಿಯುತ್ತದೆ. ಒತ್ತಡ ಹಿಡಿಯದ ಮುಚ್ಚಳದಿಂದ ಕೆಳಗೆ ಏನೂ ಆಗದಿದ್ದರೂ ಮೇಲೆ ಬಂದಾಗ ಉಕ್ಕುತ್ತದೆ.

ಮಡಿಕೇರಿಯಲ್ಲಿ ಎಂಜಿನ್ ಆಫ್ ಇಟ್ಟು ಕೀ ಮಾತ್ರ ಆನ್ ಮಾಡಿದಾಗ ಮ್ಯಾನಿಫೋಲ್ಡ್ ಪ್ರೆಶರ್ 88 ತೋರಿಸಿತು, ಬದಿಯಡ್ಕದಲ್ಲಿ 100 ಇತ್ತು. ಹೊರಗಿನ ಗಾಳಿಯ ಒತ್ತಡವೇ ಅಷ್ಟು ಇಳಿದಿದೆ. ಸೆನ್ಸರ್ ಸರಿಯಿದೆ ಎಂದು ತಿಳಿಯಲು ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಸೋಮವಾರ: ಭಾಗಮಂಡಲ, ಕರಿಕೆ, ಪಾಣತ್ತೂರು

ಗೊಬ್ಬರ ಇಳಿಸಬೇಕಾದ ತೋಟ ಭಾಗಮಂಡಲದ ಆಚೆ, ಹಾಗಾಗಿ ಇಳಿತದ ಮೊದಲ ಪಾಲಿಗೆ ಲೋಡು ಇತ್ತು. ಭಾಗಮಂಡಲದಿಂದ ಕರಿಕೆಗೆ ಇಳಿಯುವ ರಸ್ತೆ ಕಾಡಿನೊಳಗೆ, ಕಿರಿದು, ಕಡಿದು. ಪೆಟ್ರೋಲ್ ಎಂಜಿನ್ನಿನಷ್ಟು ಎಂಜಿನ್ ಬ್ರೇಕಿಂಗ್ ಡೀಸೆಲಿನಲ್ಲಿ ಸಿಗುವುದಿಲ್ಲ, ಆದ್ದರಿಂದ ಇನ್ನೊಂದು ಗೇರು ಕೆಳಗೆ. ಎರಡನೇ ಗೇರು, 2,500ರ ಆಸುಪಾಸು, ಪೆಡಲಿನಿಂದ ಕಾಲು ತೆಗೆದಾಗ ಡೀಸೆಲೂ ಕಟ್ ಆಗುತ್ತದೆ. ಬ್ರೇಕನ್ನು ಸವರುತ್ತ ಇಳಿಯಬಾರದು. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡಬೇಕು, ನಡುವೆ ತಣಿಯಲು ಸಮಯ ಸಿಗುತ್ತದೆ. ಎರಡು ವರ್ಷ ದಾಟಿದ ಬ್ರೇಕ್ ಆಯಿಲ್ ತೇವ ಹೀರಿಕೊಂಡಿರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ 205 ಡಿಗ್ರಿಗೆ ಕುದಿಯುವುದು, ತೇವ ಹಿಡಿದ ಮೇಲೆ 140ಕ್ಕೆ ಇಳಿದೀತು. ಕುದಿದರೆ ಪೆಡಲ್ ನೆಲಕ್ಕೆ. ಡಾಟ್ 4ರಲ್ಲಿ ಅದು 230 ಮತ್ತು 155.

ನೆರಳಲ್ಲಿ ಕೆಸರು ಉಳಿದ ಒಂದೆರಡು ಕಡೆ ಗುಂಡಿ ತಿರುಗಿಸಿ 4ಎಚ್ (ನಾಲ್ಕೂ ಚಕ್ರಕ್ಕೆ ಶಕ್ತಿ) ಹಾಕಬೇಕಾಯಿತು. ಒಣ ಡಾಂಬರು ಬಂದ ಕೂಡಲೇ ಹಿಂದಿನ ಎರಡೇ ಚಕ್ರದ 2ಎಚ್‌ಗೆ ಮರಳಬೇಕು. ಮಧ್ಯದಲ್ಲಿ ಡಿಫರೆನ್ಷಿಯಲ್ ಇಲ್ಲದ ಈ ವ್ಯವಸ್ಥೆಯಲ್ಲಿ ತಿರುವಿನಲ್ಲಿ ಮುಂದಿನ ಹಿಂದಿನ ಶಾಫ್ಟ್‌ಗಳು ಒಂದಕ್ಕೊಂದು ಹೆಣೆದುಕೊಂಡು ಕ್ರಾಸುಗಳಿಗೆ (ಶಾಫ್ಟಿನ ಕೀಲುಗಳಿಗೆ) ಪೆಟ್ಟು ಬೀಳುತ್ತದೆ. 4ಎಲ್ (ನಾಲ್ಕೂ ಚಕ್ರ, ಕಡಿಮೆ ವೇಗದ ಗೇರು) ಬೇಕಾದರೆ ಗಾಡಿ ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿ, ನ್ಯೂಟ್ರಲಿನಲ್ಲಿ.

ಕರಿಕೆಗೆ ಇಳಿದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನಾಲ್ಕೂ ಚಕ್ರ ನೋಡಿದಾಗ ಮುಂದಿನ ಎರಡು ಡಿಸ್ಕ್ 240ರ ಹತ್ತಿರ, ಹಿಂದಿನ ಬಲ ಡ್ರಮ್ 70, ಎಡ 45. ಮುಂದಿನವು ಹೆಚ್ಚು ಬಿಸಿಯಾಗುವುದು ಸಹಜ. ಹಿಂದಿನವು ಇಷ್ಟು ತಣ್ಣಗಿದ್ದರೆ ಅವು ಕೆಲಸ ಮಾಡುತ್ತಿಲ್ಲ. ಎರಡೂ ಕಡಿಮೆ ಇದ್ದುದಕ್ಕೆ ಕಾರಣ ಹಿಂದಿನ ಆಕ್ಸಲಿನಿಂದ ಚಾಸಿಯ ವಾಲ್ವಿಗೆ ಹೋಗುವ ಲೋಡ್ ಸೆನ್ಸಿಂಗ್ ರಾಡು. ಲೋಡು ಬಿದ್ದು ಚಾಸಿ ಕೆಳಗಿಳಿದಾಗ ಈ ರಾಡು ವಾಲ್ವನ್ನು ತಿರುಗಿಸಿ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡಬೇಕು. ತುಕ್ಕು ಹಿಡಿದು ಖಾಲಿ ಗಾಡಿಯ ಸ್ಥಾನದಲ್ಲೇ ಅದು ಅಂಟಿಕೊಂಡಿತ್ತು. ತುಕ್ಕಿನ ಎಣ್ಣೆ ಹೊಡೆದು, ಕಾಲು ಗಂಟೆ ಬಿಟ್ಟು, ಮೆಲ್ಲಗೆ ಆಡಿಸಿದಾಗ ಸಡಿಲವಾಯಿತು. ಬಡಿದು ರಾಡು ಬಗ್ಗಿಸಿದರೆ ಸೆಟ್ಟಿಂಗೇ ತಪ್ಪುತ್ತದೆ, ಆಮೇಲೆ ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಮಳೆಯಲ್ಲಿ ಬಾಲ ತಿರುಗುವ ಭಯ.

ಪಾಣತ್ತೂರಿನಿಂದ ಕಾಞಂಗಾಡಿನತ್ತ ಇಳಿಯುವಾಗ ಬಲ ಡ್ರಮ್ ಬಿಸಿಯಾಗತೊಡಗಿತು, ಎಡದ್ದು ಅಷ್ಟಕ್ಕಷ್ಟೆ. ಚಕ್ರದ ಒಳಬದಿಯಲ್ಲಿ ತೇವದ ಗೆರೆ ಕಂಡಿತು, ವೀಲ್ ಸಿಲಿಂಡರ್ ಸೋರಿ ಲೈನಿಂಗಿಗೆ ಬ್ರೇಕ್ ಆಯಿಲ್ ತಾಗಿದೆ. ಅದನ್ನು ಪೆಟ್ರೋಲಿನಲ್ಲಿ ತೊಳೆದು, ಉಪ್ಪುಕಾಗದದಲ್ಲಿ ತಿಕ್ಕಿ ಪುನಃ ಹಾಕುವವರಿದ್ದಾರೆ. ಆಯಿಲ್ ಲೈನಿಂಗಿನೊಳಗೆ ಇಳಿದಿರುತ್ತದೆ, ಮೊದಲ ಬಿಸಿಗೇ ಹೊರಬರುತ್ತದೆ. ವೀಲ್ ಸಿಲಿಂಡರ್ ಮತ್ತು ಲೈನಿಂಗ್ ಎರಡೂ ಬದಿಗೆ ಒಟ್ಟಿಗೆ ಹೊಸದಾಗಬೇಕು, ಇಲ್ಲದಿದ್ದರೆ ಬ್ರೇಕ್ ಒಂದು ಕಡೆಗೆ ಎಳೆಯುತ್ತದೆ. ಡ್ರಮ್ ಲೇತಿಗೆ ಕೊಡುವ ಮೊದಲು ಅದರ ಮೇಲೆಯೇ ಕೆತ್ತಿರುವ ಗರಿಷ್ಠ ವ್ಯಾಸ ಓದಿ ಅಳೆಯಬೇಕು, ದಾಟಿದ್ದರೆ ಡ್ರಮ್ಮೂ ಹೊಸದು. ಅದಾಗುವವರೆಗೆ ಈ ಗಾಡಿಗೆ ಲೋಡು ಹಾಕುವಂತಿಲ್ಲ, ಘಟ್ಟದ ದಾರಿಯೂ ಇಲ್ಲ.